ಮುಟ್ಟದೆ ನುಡಿಸುವ ವಾದ್ಯ: ಥೆರೆಮಿನ್ನಿನ ಆಯ್ಕೆ ಮತ್ತು ಅಭ್ಯಾಸ



ವಾದ್ಯವೆಂದೊಡನೆ ಕೈಯ ಇಲ್ಲವೆ ಬಾಯಿಯ ಕೆಲಸವೊಂದು ನಮ್ಮ ಮನಸ್ಸಿಗೆ ಬರುತ್ತದೆ. ವೀಣೆಯನ್ನು ಮೀಟುತ್ತಾರೆ, ಮೃದಂಗವನ್ನು ಬಾರಿಸುತ್ತಾರೆ, ಕೊಳಲನ್ನು ಊದುತ್ತಾರೆ, ಪಿಟೀಲಿನ ತಂತಿಯ ಮೇಲೆ ಕಮಾನನ್ನು ಎಳೆಯುತ್ತಾರೆ, ಹಾರ್ಮೋನಿಯಮ್ಮಿನ ಮನೆಗಳನ್ನು ಒತ್ತುತ್ತಾರೆ. ಮುಟ್ಟದೆ ನಾದವಿಲ್ಲವೆಂಬುದು ಲೋಕದ ಅನುಭವ. ಆದರೆ ನುಡಿಸುವವನ ಕೈ ತನ್ನನ್ನು ತಾಕಲೇಬಾರದೆಂಬ ನಿಯಮವುಳ್ಳ ವಾದ್ಯವೊಂದು ನೂರು ವರ್ಷಗಳಿಂದಲೂ ಬಳಕೆಯಲ್ಲಿದೆ. ಅದರ ಹೆಸರು ಥೆರೆಮಿನ್. ಒಂದು ಪೆಟ್ಟಿಗೆ, ಅದರ ಬಲಗಡೆ ನೆಟ್ಟನೆ ನಿಂತ ಲೋಹದ ಕಂಬಿ, ಎಡಗಡೆ ಅಡ್ಡಲಾಗಿ ಚಾಚಿದ ಲೋಹದ ಬಳೆ. ಇಷ್ಟೇ ಅದರ ಆಕಾರ. ವಾದಕನು ಎದುರಿಗೆ ನಿಂತು ಗಾಳಿಯಲ್ಲಿ ಕೈಯಾಡಿಸಿದರೆ ಪೆಟ್ಟಿಗೆಯು ಹಾಡುತ್ತದೆ.

ನಮ್ಮ ಮೇಲಿನ ತರಗತಿಗಳ ಕೆಲವರು ಈ ವಾದ್ಯದ ಚಿತ್ರವನ್ನು ಫೋನಿನ ಪರದೆಯ ಮೇಲೆ ಕಂಡು, "ಇದನ್ನು ನಾವೂ ಕೊಳ್ಳಬಹುದೆ? ಯಾವುದನ್ನು ಕೊಳ್ಳಬೇಕು? ಕಲಿಯುವುದು ಹೇಗೆ?" ಎಂದು ಕೇಳುತ್ತಿದ್ದಾರೆ. ಇದು ಹಗುರವಾದ ಪ್ರಶ್ನೆಯಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ತಿಂಗಳ ಕೊನೆಯ ವಾರವು ಲೆಕ್ಕದ ವಾರವಾಗಿರುತ್ತದೆ. ತಂದೆತಾಯಿಗಳ ದುಡಿಮೆಯ ಹಣವನ್ನು ಹಾಕಿ ತಂದ ವಾದ್ಯವು ಎರಡು ವಾರಗಳ ಕುತೂಹಲ ತೀರಿದ ಬಳಿಕ ಮಂಚದ ಕೆಳಗೆ ಸೇರಿದರೆ ನಷ್ಟವು ಹಣದ್ದು ಮಾತ್ರವಲ್ಲ. ಮುಂದೆ ಮಗನೋ ಮಗಳೋ ಏನಾದರೊಂದನ್ನು ಕಲಿಯುತ್ತೇನೆಂದಾಗ ಮನೆಯವರಿಗಿರಬೇಕಾದ ನಂಬಿಕೆಯೂ ಹೋಗುತ್ತದೆ. ಆದುದರಿಂದ ಈ ವಾದ್ಯದ ಹುಟ್ಟು, ಅದರ ವಿಜ್ಞಾನ, ಆಯ್ಕೆ ಮತ್ತು ಅಭ್ಯಾಸ ಎಂಬ ನಾಲ್ಕು ವಿಷಯಗಳನ್ನು ಕ್ರಮವಾಗಿ ವಿಚಾರ ಮಾಡೋಣ.

೧. ವಾದ್ಯದ ಹುಟ್ಟು

ಈ ವಾದ್ಯವನ್ನು ಕಂಡುಹಿಡಿದವನು ರಷ್ಯಾ ದೇಶದ ಲೆವ್ ಸೆರ್ಗೆಯೆವಿಚ್ ಟೆರ್ಮೆನ್. ಪಶ್ಚಿಮ ದೇಶಗಳಲ್ಲಿ ಅವನನ್ನು ಲಿಯಾನ್ ಥೆರೆಮಿನ್ ಎಂದು ಕರೆದರು. ೧೮೯೬ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಹುಟ್ಟಿದ ಇವನು ಭೌತವಿಜ್ಞಾನವನ್ನೂ ಚೆಲ್ಲೋ ವಾದನವನ್ನೂ ಕಲಿತಿದ್ದನು. ೧೯೨೦ರ ಸುಮಾರಿಗೆ ಅದೇ ನಗರದ ಪ್ರಯೋಗಶಾಲೆಯೊಂದರಲ್ಲಿ ಅನಿಲಗಳ ವಿದ್ಯುತ್ ಗುಣವನ್ನು ಅಳೆಯುವ ಉಪಕರಣವನ್ನು ಕಟ್ಟುತ್ತಿದ್ದಾಗ, ತನ್ನ ಕೈ ಹತ್ತಿರ ಬಂದೊಡನೆ ಉಪಕರಣದ ಸಿಳ್ಳಿನ ಶ್ರುತಿ ಬದಲಾಗುವುದನ್ನು ಅವನು ಗಮನಿಸಿದನು. ಬೇರೊಬ್ಬನಾಗಿದ್ದರೆ ಇದನ್ನು ಅಳತೆಗೆ ಅಡ್ಡಬಂದ ದೋಷವೆಂದು ಬಗೆದು ನಿವಾರಿಸುತ್ತಿದ್ದನು. ಚೆಲ್ಲೋ ಬಲ್ಲ ವಿಜ್ಞಾನಿಯು ಆ ದೋಷದಲ್ಲಿ ರಾಗವನ್ನು ಕೇಳಿದನು. ೧೯೨೨ರಲ್ಲಿ ಅವನು ಈ ವಾದ್ಯವನ್ನು ಲೆನಿನ್ನನ ಎದುರಿಗೆ ನುಡಿಸಿ ತೋರಿಸಿದನು. ೧೯೨೭ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಅಲ್ಲಿ ಅದರ ಹಕ್ಕುಪತ್ರವನ್ನು ಪಡೆದನು.

ಮುಂದೆ ನಡೆದುದು ಕೊಳ್ಳುವವರೆಲ್ಲರೂ ನೆನಪಿನಲ್ಲಿಡತಕ್ಕ ಸಂಗತಿ. ೧೯೨೯ರಲ್ಲಿ ಅಮೆರಿಕದ ಆರ್‌ಸಿಎ ಎಂಬ ರೇಡಿಯೋ ಸಂಸ್ಥೆಯು ಸುಮಾರು ಐದುನೂರು ಥೆರೆಮಿನ್ನುಗಳನ್ನು ಮಾರಾಟಕ್ಕೆಂದು ತಯಾರಿಸಿತು. ವಾದ್ಯದ ಬೆಲೆ ೧೭೫ ಡಾಲರು. ಒಳಗಿನ ಕವಾಟಗಳಿಗೂ ಧ್ವನಿವರ್ಧಕಕ್ಕೂ ಬೇರೆ ಹಣ. ಗುನುಗಲು ಇಲ್ಲವೆ ಸಿಳ್ಳು ಹಾಕಲು ಬಲ್ಲವನು ಇದನ್ನು ನುಡಿಸಬಲ್ಲನೆಂಬ ಅರ್ಥದಲ್ಲಿ ಜಾಹೀರಾತು ಹೊರಟಿತು. ಆದರೆ ಕೊಂಡವರಿಗೆ ಒಂದು ಸರಿಯಾದ ಸ್ವರವನ್ನು ಹಿಡಿದು ನಿಲ್ಲಿಸುವುದೇ ದುಸ್ತರವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆಯು ಕುಸಿದು ಜನರ ಕೈ ಬರಿದಾಯಿತು. ವ್ಯಾಪಾರವು ಅಲ್ಲಿಗೆ ನಿಂತಿತು. ಬೆಲೆಯು ಹೆಚ್ಚು, ಕಲಿಕೆಯು ಕಷ್ಟ, ಜಾಹೀರಾತು ಮಾತ್ರ ಸುಲಭ. ಈ ಮೂರೂ ಕೂಡಿದಲ್ಲಿ ವಾದ್ಯವು ಮೂಲೆ ಸೇರುವುದು ನಿಶ್ಚಯ.

ಟೆರ್ಮೆನ್ನನ ಬಾಳೂ ಕಷ್ಟದ ಹಾದಿ ಹಿಡಿಯಿತು. ೧೯೩೮ರಲ್ಲಿ ಅವನು ತಾಯ್ನಾಡಿಗೆ ಮರಳಿದನು. ೧೯೩೯ರಲ್ಲಿ ಬಂಧಿತನಾಗಿ ಶಿಬಿರವನ್ನೂ, ಆ ಬಳಿಕ ಕೈದಿ ವಿಜ್ಞಾನಿಗಳು ದುಡಿಯುತ್ತಿದ್ದ ಪ್ರಯೋಗಶಾಲೆಯನ್ನೂ ಕಂಡನು. ಅವನು ಬದುಕಿರುವನೋ ಇಲ್ಲವೋ ಎಂಬುದೂ ಅಮೆರಿಕದ ಗೆಳೆಯರಿಗೆ ಬಹುಕಾಲ ತಿಳಿಯಲಿಲ್ಲ. ೧೯೯೩ರಲ್ಲಿ ಮಾಸ್ಕೋದಲ್ಲಿ, ೯೭ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಹೀಗೆ ಮಾರಾಟವೂ ನಿಂತು ನಿರ್ಮಾಪಕನೂ ಕಣ್ಮರೆಯಾದ ಮೇಲೆ ವಾದ್ಯವನ್ನು ಉಳಿಸಿದವರು ಯಾರು? ಮುಖ್ಯವಾಗಿ ಇಬ್ಬರ ಹೆಸರನ್ನು ಹೇಳಬೇಕು.

ಮೊದಲನೆಯವಳು ಕ್ಲಾರಾ ರಾಕ್‌ಮೋರ್. ೧೯೧೧ರಲ್ಲಿ ವಿಲ್ನಿಯಸ್ ನಗರದಲ್ಲಿ ಹುಟ್ಟಿದ ಈಕೆ ಎಳವೆಯಲ್ಲಿಯೇ ಪಿಟೀಲಿನಲ್ಲಿ ಅಸಾಧಾರಣ ಪ್ರತಿಭೆಯನ್ನು ತೋರಿದವಳು. ಬಾಲ್ಯದಲ್ಲಿ ಸಾಕಷ್ಟು ಪೌಷ್ಟಿಕ ಆಹಾರವಿಲ್ಲದುದರ ಫಲವಾಗಿ ಮುಂದೆ ಅವಳ ತೋಳಿಗೆ ತೊಂದರೆಯುಂಟಾಗಿ, ಕಮಾನು ಹಿಡಿಯುವುದೇ ಅಸಾಧ್ಯವಾಯಿತು. ಕೈ ಸೋತಿತು; ಕಿವಿ ಸೋಲಲಿಲ್ಲ. ಮುಟ್ಟದೆ ನುಡಿಸುವ ಥೆರೆಮಿನ್ನನ್ನು ಹಿಡಿದು, ಅದುವರೆಗೆ ಯಾರೂ ತೋರಿಸದಿದ್ದ ಶುದ್ಧತೆಯನ್ನು ಅದರಲ್ಲಿ ತೋರಿಸಿದಳು. ಗಾಳಿಯಲ್ಲಿಯೇ ಬೆರಳುಗಳನ್ನು ಮಡಚಿ ಬಿಚ್ಚಿ ಸ್ವರಸ್ಥಾನಗಳನ್ನು ಹಿಡಿಯುವ ಕ್ರಮವು ಅವಳದೇ ಶೋಧ. ಅವಳ ವಾದನದ ಮುದ್ರಿಕೆಯು ೧೯೭೭ರಲ್ಲಿ ಹೊರಬಂದಿತು.

ಎರಡನೆಯವನು ರಾಬರ್ಟ್ ಮೂಗ್. ೧೯೩೪ರಲ್ಲಿ ಹುಟ್ಟಿದ ಈ ಅಮೆರಿಕದ ಹುಡುಗನು ಹದಿನಾಲ್ಕರ ವಯಸ್ಸಿನಲ್ಲಿ ಮನೆಯಲ್ಲಿಯೇ ಥೆರೆಮಿನ್ ಕಟ್ಟಿದನು. ೧೯೫೪ರಲ್ಲಿ ಅದನ್ನು ಕಟ್ಟುವ ಕ್ರಮವನ್ನು ರೇಡಿಯೋ ಪತ್ರಿಕೆಯೊಂದರಲ್ಲಿ ಬರೆದನು. ೧೯೬೧ರಲ್ಲಿ ಟ್ರಾನ್ಸಿಸ್ಟರುಗಳನ್ನು ಬಳಸಿದ ಹೊಸ ನಕ್ಷೆಯನ್ನು ಪ್ರಕಟಿಸಿ, ಬಿಡಿಭಾಗಗಳ ಪೊಟ್ಟಣವನ್ನು ಸುಮಾರು ೫೦ ಡಾಲರಿಗೆ ಮಾರಿದನು. ಮುಂದೆ ಲೋಕಪ್ರಸಿದ್ಧವಾದ ಮೂಗ್ ಸಿಂಥೆಸೈಜರಿನ ನಿರ್ಮಾಪಕನು ಇವನೇ.

ಒಬ್ಬಳು ಕಿವಿಯಿಂದ ಉಳಿಸಿದಳು. ಇನ್ನೊಬ್ಬನು ಬೆಲೆಯಿಳಿಸಿ ಉಳಿಸಿದನು. ಈ ಪಾಠದ ಸಾರವೆಲ್ಲವೂ ಈ ಒಂದು ವಾಕ್ಯದಲ್ಲಿದೆ.

೨. ಒಳಗಿನ ವಿಜ್ಞಾನ

ಥೆರೆಮಿನ್ನಿನ ಒಳಗೆ ವಿದ್ಯುತ್ ಕಂಪನಗಳನ್ನು ಹುಟ್ಟಿಸುವ ಎರಡು ಆಂದೋಲಕಗಳಿವೆ. ಎರಡೂ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಂಪಿಸುವುದರಿಂದ, ಬಿಡಿಬಿಡಿಯಾಗಿ ಅವುಗಳು ನಮ್ಮ ಕಿವಿಗೆ ಕೇಳಿಸತಕ್ಕವಲ್ಲ. ಮನುಷ್ಯನ ಕಿವಿಯ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳು ಮಾತ್ರ. ಎರಡು ಆಂದೋಲಕಗಳಲ್ಲಿ ಒಂದರ ವೇಗವು ಸ್ಥಿರವಾದುದು. ಇನ್ನೊಂದು ನೆಟ್ಟನೆಯ ಕಂಬಿಗೆ ಸೇರಿಕೊಂಡಿದೆ.

ನಮ್ಮ ದೇಹವು ವಿದ್ಯುತ್ತನ್ನು ಸ್ವಲ್ಪಮಟ್ಟಿಗೆ ಒಯ್ಯುವ ವಸ್ತು. ಕಂಬಿಯೂ ಕೈಯೂ ನಡುವಿನ ಗಾಳಿಯೂ ಸೇರಿ ಒಂದು ಸಣ್ಣ ಧಾರಕವಾಗುತ್ತವೆ. ಕೈ ಹತ್ತಿರ ಬಂದಷ್ಟೂ ಅದರ ಧಾರಕತೆಯು ಹೆಚ್ಚುತ್ತದೆ. ಧಾರಕತೆ ಹೆಚ್ಚಿದಂತೆ ಆ ಆಂದೋಲಕದ ವೇಗವು ತಗ್ಗುತ್ತದೆ. ಈಗ ಎರಡು ಕಂಪನಗಳನ್ನು ಬೆರೆಸಿದರೆ ಅವುಗಳ ವ್ಯತ್ಯಾಸವು ಶ್ರವ್ಯವಾದ ನಾದವಾಗಿ ಹೊರಬರುತ್ತದೆ.

ಲೆಕ್ಕವನ್ನು ನೋಡಿರಿ. ಸ್ಥಿರವಾದ ಆಂದೋಲಕವು ಸೆಕೆಂಡಿಗೆ ೩,೦೦,೦೦೦ ಕಂಪನಗಳದೆಂದು ಭಾವಿಸೋಣ. ಕೈ ದೂರವಿದ್ದಾಗ ಎರಡನೆಯದೂ ಅಷ್ಟೇ ಇದ್ದರೆ ವ್ಯತ್ಯಾಸವು ಸೊನ್ನೆ, ವಾದ್ಯವು ಮೌನ. ಕೈ ಸಮೀಪಿಸಿ ಎರಡನೆಯದು ೨,೯೯,೫೬೦ಕ್ಕೆ ಇಳಿದರೆ ವ್ಯತ್ಯಾಸವು ೪೪೦. ಪಾಶ್ಚಾತ್ಯ ವಾದ್ಯವೃಂದಗಳು ಶ್ರುತಿ ಕೂಡಿಸಿಕೊಳ್ಳುವ ಸ್ವರವದು. ಇನ್ನೂ ಸಮೀಪಿಸಿ ೨,೯೯,೧೨೦ಕ್ಕೆ ಇಳಿದರೆ ವ್ಯತ್ಯಾಸವು ೮೮೦. ಅದೇ ಸ್ವರ, ಒಂದು ಸ್ಥಾಯಿ ಮೇಲೆ. ೪೪೦ರ ಇಳಿತವೆಂದರೆ ಮೂಲವೇಗದಲ್ಲಿ ಸಾವಿರಕ್ಕೆ ಒಂದೂವರೆ ಪಾಲೂ ಅಲ್ಲ. ಅಷ್ಟು ಸೂಕ್ಷ್ಮವಾದ ಬದಲಾವಣೆಯೇ ಒಂದು ಸ್ವರವನ್ನು ಹುಟ್ಟಿಸುತ್ತದೆ. ಆದಕಾರಣ ಬೆರಳಿನ ಅಲುಗಾಟ, ಉಸಿರಿನಿಂದಾಗುವ ಎದೆಯ ಏರಿಳಿತ, ಹಿಂದೆ ಹಾದುಹೋದ ಮನುಷ್ಯ, ಇವೆಲ್ಲವೂ ವಾದ್ಯಕ್ಕೆ ತಿಳಿಯುತ್ತವೆ. ಎಡಗಡೆಯ ಬಳೆಯು ಇದೇ ತತ್ತ್ವದಿಂದ ನಾದದ ಬಲವನ್ನು ಆಳುತ್ತದೆ: ಸಾಮಾನ್ಯವಾಗಿ ಎಡಗೈಯನ್ನು ಬಳೆಯ ಸಮೀಪಕ್ಕೆ ಇಳಿಸಿದರೆ ನಾದವು ಅಡಗುತ್ತದೆ, ಎತ್ತಿದರೆ ಏರುತ್ತದೆ.

ಹಾರ್ಮೋನಿಯಮ್ಮಿನಲ್ಲಿ ಸ್ವರವು ಮನೆಯೊಳಗೆ ಸಿದ್ಧವಾಗಿದೆ. ವೀಣೆಯಲ್ಲಿ ಮೆಟ್ಟಿಲು ತೋರಿಸುತ್ತದೆ. ಪಿಟೀಲಿನಲ್ಲಿ ಮೆಟ್ಟಿಲಿಲ್ಲದಿದ್ದರೂ ತಂತಿಯ ಸ್ಪರ್ಶವುಂಟು. ಥೆರೆಮಿನ್ನಿನಲ್ಲಿ ಬೆರಳಿಗೆ ಆಧಾರವೆಂಬುದೇ ಇಲ್ಲ. ಕಿವಿಯೊಂದೇ ಮೆಟ್ಟಿಲು, ಕಿವಿಯೊಂದೇ ತಂತಿ. ಇದನ್ನು ತಿಳಿದ ಮೇಲೆ ಆಯ್ಕೆಯ ವಿಚಾರವು ಸುಲಭವಾಗುತ್ತದೆ.

೩. ಆಯ್ಕೆಯ ಕ್ರಮ

ಥೆರೆಮಿನ್ ಎಂಬ ಹೆಸರಿನಲ್ಲಿ ದೊರೆಯುವ ವಸ್ತುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

(ಅ) ಬೆಳಕಿನ ಥೆರೆಮಿನ್: ಇದು ಶಾಸ್ತ್ರೀಯವಾಗಿ ಥೆರೆಮಿನ್ ಅಲ್ಲ. ಇದರಲ್ಲಿ ಎರಡು ಆಂದೋಲಕಗಳಿಲ್ಲ. ಬೆಳಕು ಬಿದ್ದಂತೆ ರೋಧವು ಬದಲಾಗುವ ಸಣ್ಣ ಬಿಲ್ಲೆಯೊಂದಿದೆ. ಕೈಯ ನೆರಳಿನಿಂದ ಸ್ವರವು ಏರಿಳಿಯುತ್ತದೆ. ಕೆಲವೇ ನೂರು ರೂಪಾಯಿಗಳ ಒಳಗೆ ಇದನ್ನು ನಾವೇ ಕಟ್ಟಿಕೊಳ್ಳಬಹುದು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಬೀದಿ, ದೆಹಲಿಯ ಲಜಪತರಾಯ್ ಮಾರುಕಟ್ಟೆ ಮುಂತಾದೆಡೆ ಇದರ ಬಿಡಿಭಾಗಗಳು ದೊರೆಯುತ್ತವೆ.

(ಆ) ಒಂದೇ ಕಂಬಿಯ ಪುಟ್ಟ ಥೆರೆಮಿನ್: ಜಪಾನಿನ ಗಕ್ಕೆನ್ ಸಂಸ್ಥೆಯು ೨೦೦೭ರಲ್ಲಿ ಪತ್ರಿಕೆಯೊಂದಿಗೆ ಹೊರತಂದ ಜೋಡಣೆಯ ಪೊಟ್ಟಣವು ಈ ಜಾತಿಯದು. ತತ್ತ್ವವು ನಿಜವಾದ ಥೆರೆಮಿನ್ನಿನದೇ. ಆದರೆ ನಾದದ ಬಲವನ್ನು ಆಳುವ ಬಳೆಯಿಲ್ಲದುದರಿಂದ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಜಾರುವಿಕೆಯೆಲ್ಲವೂ ಕೇಳಿಸುತ್ತದೆ. ಪ್ರಯೋಗಕ್ಕೆ ಯೋಗ್ಯ, ಹಾಡಿಗೆ ಸಾಲದು.

(ಇ) ತೆರೆದ ನಕ್ಷೆಯ ಥೆರೆಮಿನ್: ಸ್ವಿಟ್ಜರ್ಲೆಂಡಿನ ಉರ್ಸ್ ಗೌಡೆಂಟ್ಸ್ ಎಂಬ ತಂತ್ರಜ್ಞನು ರೂಪಿಸಿದ 'ಓಪನ್ ಥೆರೆಮಿನ್' ಈ ವರ್ಗಕ್ಕೆ ಸೇರಿದುದು. ಕಂಬಿ, ಬಳೆ ಎರಡೂ ಇವೆ. ಆರ್ಡುಯಿನೊ ಎಂಬ ಸಣ್ಣ ಗಣಕಫಲಕದ ಮೇಲೆ ಕೂಡುವಂತೆ ಮೊದಲಿಗೆ ಇದನ್ನು ರಚಿಸಲಾಯಿತು. ನಕ್ಷೆಯನ್ನೂ ಕ್ರಮವಿಧಿಯನ್ನೂ ಯಾರು ಬೇಕಾದರೂ ನೋಡಿ ಕಟ್ಟಬಹುದೆಂದು ಬಿಟ್ಟುಕೊಟ್ಟಿರುವುದು ಇದರ ಹೆಚ್ಚಳ. ಮೂಗನು ಪತ್ರಿಕೆಯಲ್ಲಿ ನಕ್ಷೆ ಬರೆದ ಪರಂಪರೆಯೇ ಇಲ್ಲಿ ಮುಂದುವರಿದಿದೆ.

(ಈ) ಸಿದ್ಧವಾದ ಪೂರ್ಣ ಥೆರೆಮಿನ್: ಮೂಗನ ಸಂಸ್ಥೆಯು ೧೯೯೬ರಲ್ಲಿ ಹೊರತಂದ 'ಈಥರ್‌ವೇವ್', ೨೦೧೪ರಲ್ಲಿ ಹೊರತಂದ 'ಥೆರೆಮಿನಿ' ಮೊದಲಾದವು ಇದರಲ್ಲಿ ಬರುತ್ತವೆ. ಉತ್ತಮವಾದವುಗಳೇ, ಆದರೆ ಕಡಲಾಚೆಯಿಂದ ತರಿಸುವಾಗ ಸುಂಕವೂ ಸಾಗಣೆಯೂ ಸೇರಿ ನಮ್ಮಂತಹವರ ಕೈಗೆ ಎಟುಕುವ ಬೆಲೆಯಲ್ಲ.

ಯಾವುದನ್ನು ಕೊಳ್ಳುವ ಮೊದಲೂ ಈ ಐದು ಪರೀಕ್ಷೆಗಳನ್ನು ಮಾಡತಕ್ಕದ್ದು.

ಒಂದು: ಹಾಡು ನುಡಿಸುವ ಇಚ್ಛೆಯಿದ್ದರೆ ಕಂಬಿಯೂ ಬಳೆಯೂ ಇರಲೇಬೇಕು.

ಎರಡು: ಶೂನ್ಯವನ್ನು ಹೊಂದಿಸುವ ತಿರುಪು ಇರಬೇಕು. ಕೈಯನ್ನು ಭುಜದವರೆಗೆ ಹಿಂದೆಗೆದುಕೊಂಡಾಗ ನಾದವು ತಗ್ಗುತ್ತ ತಗ್ಗುತ್ತ ಮೌನವಾಗುವಂತೆ ಮಾಡಲು ಇದು ಬೇಕು.

ಮೂರು: ಸ್ಥಾಯಿಗಳ ನಡುವಿನ ದೂರವನ್ನು ನೋಡಬೇಕು. ಷಡ್ಜ, ಮೇಲಿನ ಷಡ್ಜ, ಅದರ ಮೇಲಿನ ಷಡ್ಜ ಇವುಗಳನ್ನು ಗಾಳಿಯಲ್ಲಿ ಹುಡುಕಿರಿ. ಕೀಳುತರದ ವಾದ್ಯದಲ್ಲಿ ಕೆಳಗಿನ ಸ್ಥಾಯಿಯು ಒಂದು ಮೊಳದುದ್ದ ಹರಡಿ, ಮೇಲಿನದು ಎರಡು ಬೆರಳಿನಗಲದಲ್ಲಿ ಕಿಕ್ಕಿರಿದಿರುತ್ತದೆ. ದೂರಗಳು ಸಮನಾದಷ್ಟೂ ವಾದ್ಯವು ಒಳ್ಳೆಯದು.

ನಾಲ್ಕು: ಸ್ವರವನ್ನು ತಾನೇ ತಿದ್ದುವ ಏರ್ಪಾಡಿದ್ದರೆ ಅದನ್ನು ಪೂರ್ತಿಯಾಗಿ ನಿಲ್ಲಿಸುವ ಅನುಕೂಲವಿರಬೇಕು. ಥೆರೆಮಿನಿಯಲ್ಲಿ ಈ ತಿದ್ದುಪಡಿಯನ್ನು ಬೇಕಾದಷ್ಟು ಹೆಚ್ಚು ಕಡಿಮೆ ಮಾಡಬಹುದು. ಯಂತ್ರವೇ ಸದಾ ತಿದ್ದುತ್ತಿದ್ದರೆ ಕಿವಿಯು ಕಲಿಯುವುದು ಎಂದಿಗೆ?

ಐದು: ಕಿವಿಗೆ ಹಾಕಿಕೊಳ್ಳುವ ಶ್ರಾವಕಕ್ಕೆ ಕಿಂಡಿಯಿರಬೇಕು. ನೆರೆಮನೆಯವರ ನಿದ್ರೆಯೂ ಸಂಗೀತದಷ್ಟೇ ಬೆಲೆಯುಳ್ಳದ್ದು.

ಇಷ್ಟಾದ ಮೇಲೆ ಬೆಲೆಪಟ್ಟಿಯಲ್ಲಿ ಬರೆಯದ ಬೆಲೆಯೊಂದು ಉಳಿದಿದೆ. ಅದು ಬರಿಯ ಜಾಗದ ಬೆಲೆ. ನಿಜವಾದ ಥೆರೆಮಿನ್ನಿನ ಸುತ್ತ ಎಲ್ಲ ಕಡೆಗೂ ಎರಡೆರಡು ಮೊಳಕ್ಕಿಂತ ಹೆಚ್ಚಿನ ತೆರಪು ಬೇಕು. ಐವರು ಬಾಳುವ ಒಂದೇ ಕೋಣೆಯಲ್ಲಿ ತಾಯಿ ಒಲೆಯ ಕಡೆ ಹೋದರೆ ಶ್ರುತಿ ಏರುತ್ತದೆ. ತಮ್ಮನು ನೀರು ಕುಡಿಯಲೆದ್ದರೆ ಅವನೂ ವಾದ್ಯವನ್ನು ನುಡಿಸಿಬಿಡುತ್ತಾನೆ. ಮಹಾನಗರದಲ್ಲಿ ವಾದ್ಯಕ್ಕಿಂತ ತೆರಪೇ ತುಟ್ಟಿ. ಆದುದರಿಂದ ನಮ್ಮ ಸಲಹೆಯಿಷ್ಟು: ಮನೆಗೆ ಬೆಳಕಿನ ಥೆರೆಮಿನ್ ಸಾಕು, ಅದಕ್ಕೆ ಒಂದು ಮೇಜಿನ ಮೂಲೆಯೂ ದೀಪವೂ ಇದ್ದರಾಯಿತು. ಅದರಲ್ಲಿ ಮೂರು ತಿಂಗಳಾದರೂ ಬೇಸರಪಡದೆ ನುಡಿಸಿದವರು ಐದಾರು ಮಂದಿ ಕೂಡಿ, ತೆರೆದ ನಕ್ಷೆಯ ವಾದ್ಯವೊಂದನ್ನು ಶಾಲೆಯಲ್ಲಿ ಕಟ್ಟಲಿ. ತರಗತಿಗಳು ಮುಗಿದ ಮೇಲೆ ಶಾಲೆಯ ಕೋಣೆಗಳಲ್ಲಿ ತೆರಪಿಗೆ ಕೊರತೆಯಿಲ್ಲ. ಒಬ್ಬೊಬ್ಬರು ಒಂದೊಂದು ದುಬಾರಿ ವಾದ್ಯವನ್ನು ಕೊಳ್ಳುವುದಕ್ಕಿಂತ ಇದು ಮೇಲು.

೪. ಬೆಳಕಿನ ಥೆರೆಮಿನ್ ಕಟ್ಟುವ ಬಗೆ

ಬೇಕಾದ ಸಾಮಗ್ರಿಗಳು: ೫೫೫ ಎಂಬ ಸಂಖ್ಯೆಯ ಎಂಟು ಕಾಲುಗಳ ಚಿಪ್ಪು, ಬೆಳಕಿಗೆ ಬದಲಾಗುವ ರೋಧಕ, ೧೦೦೦ ಓಮ್ ಮತ್ತು ೧೦೦ ಓಮ್ ರೋಧಕಗಳು, ೦.೧, ೦.೦೧ ಮತ್ತು ೧೦ ಮೈಕ್ರೋಫ್ಯಾರಡ್ ಧಾರಕಗಳು, ೮ ಓಮ್ ಸ್ಪೀಕರು, ೯ ವೋಲ್ಟ್ ಬ್ಯಾಟರಿ.

ಚಿಪ್ಪಿನ ೧ನೆಯ ಕಾಲನ್ನು ಬ್ಯಾಟರಿಯ ಋಣಧ್ರುವಕ್ಕೂ, ೪ ಮತ್ತು ೮ನೆಯ ಕಾಲುಗಳನ್ನು ಧನಧ್ರುವಕ್ಕೂ ಸೇರಿಸಿರಿ. ೮ ಮತ್ತು ೭ರ ನಡುವೆ ೧೦೦೦ ಓಮ್ ರೋಧಕ. ೭ ಮತ್ತು ೬ರ ನಡುವೆ ಬೆಳಕಿನ ರೋಧಕ. ೬ ಮತ್ತು ೨ನ್ನು ಕೂಡಿಸಿ, ಅಲ್ಲಿಂದ ಋಣಧ್ರುವಕ್ಕೆ ೦.೧ರ ಧಾರಕ. ೫ರಿಂದ ಋಣಧ್ರುವಕ್ಕೆ ೦.೦೧ರ ಧಾರಕ. ೩ನೆಯ ಕಾಲಿನಿಂದ ೧೦೦ ಓಮ್ ರೋಧಕ, ಅದರಿಂದ ೧೦ ಮೈಕ್ರೋಫ್ಯಾರಡ್ ಧಾರಕದ ಧನಭಾಗ, ಅದರ ಋಣಭಾಗದಿಂದ ಸ್ಪೀಕರು, ಸ್ಪೀಕರಿನಿಂದ ಬ್ಯಾಟರಿಯ ಋಣಧ್ರುವ. ಗೋಡೆಯ ವಿದ್ಯುತ್ತನ್ನು ಈ ಕೆಲಸಕ್ಕೆ ಎಂದಿಗೂ ಬಳಸಕೂಡದು, ಬ್ಯಾಟರಿಯೊಂದೇ ಸಾಕು.

ಇದರ ಸ್ವರವನ್ನು ಲೆಕ್ಕದಿಂದ ಮೊದಲೇ ತಿಳಿಯಬಹುದು. ಬೆಳಕಿನ ರೋಧಕದ ಬೆಲೆಯನ್ನು ಇಮ್ಮಡಿಸಿ ೧೦೦೦ ಕೂಡಿಸಿ, ಬಂದುದನ್ನು ಫ್ಯಾರಡ್ಡಿನಲ್ಲಿ ಹೇಳಿದ ಧಾರಕತೆಯಿಂದ ಗುಣಿಸಿ, ಆ ಗುಣಲಬ್ಧದಿಂದ ೧.೪೪ನ್ನು ಭಾಗಿಸಿದರೆ ಸೆಕೆಂಡಿನ ಕಂಪನಗಳು ದೊರೆಯುತ್ತವೆ. ಒಳ್ಳೆಯ ಬೆಳಕಿನಲ್ಲಿ ರೋಧವು ೫,೦೦೦ ಓಮ್ ಇದ್ದರೆ ಸುಮಾರು ೧,೩೦೦ ಕಂಪನಗಳು. ನೆರಳಿನಲ್ಲಿ ೧,೦೦,೦೦೦ ಓಮ್ ಆದರೆ ಸುಮಾರು ೭೦. ಇವೆರಡರ ನಡುವೆ ನಾಲ್ಕು ಸ್ಥಾಯಿಗಳಿಗಿಂತ ಹೆಚ್ಚಿನ ಹರವಿದೆ. ಅಂಗೈಯಗಲದ ನೆರಳಿನಲ್ಲಿ ನಾಲ್ಕು ಸ್ಥಾಯಿಗಳು!

೫. ಅಭ್ಯಾಸದ ಮೆಟ್ಟಿಲುಗಳು

ಕಂಬಿ ಬಳೆಗಳುಳ್ಳ ವಾದ್ಯಕ್ಕೆ ಈ ಕ್ರಮವನ್ನು ಹೇಳಿದೆ. ಬೆಳಕಿನ ವಾದ್ಯಕ್ಕೂ ಇದರಲ್ಲಿ ಬಹುಪಾಲು ಸಲ್ಲುತ್ತದೆ.

ಮೊದಲನೆಯದು ನಿಲುವು. ಕಾಲುಗಳನ್ನು ತುಸು ಅಗಲಿಸಿ ನೆಟ್ಟಗೆ ನಿಲ್ಲಿರಿ. ತಲೆಯನ್ನಾಗಲಿ ಮೈಯನ್ನಾಗಲಿ ತೂಗಬಾರದು. ಉಳಿದ ವಾದ್ಯಗಳಲ್ಲಿ ತಲೆದೂಗಿದರೆ ರಸಿಕತೆ. ಇದರಲ್ಲಿ ತಲೆದೂಗಿದರೆ ಅಪಸ್ವರ.

ಎರಡನೆಯದು ಮೌನ. ತಿರುಪಿನಿಂದ ಶೂನ್ಯವನ್ನು ಹೊಂದಿಸಿಕೊಂಡು, ಎಡಗೈಯಿಂದ ನಾದವನ್ನು ಅಡಗಿಸಿ ಎಬ್ಬಿಸುವುದನ್ನು ಕಲಿಯಿರಿ. ನಾದವನ್ನು ಹುಟ್ಟಿಸುವುದಕ್ಕಿಂತ ನಿಲ್ಲಿಸುವುದನ್ನು ಮೊದಲು ಕಲಿಸುವ ವಾದ್ಯವಿದು.

ಮೂರನೆಯದು ಒಂದೇ ಸ್ವರ. ತಂಬೂರಿಯ ಶ್ರುತಿಯನ್ನು ಹಾಕಿಕೊಂಡು, ಇಂದು ಅದು ಫೋನಿನಲ್ಲಿಯೂ ದೊರೆಯುವುದಷ್ಟೆ, ಅದರ ಷಡ್ಜದೊಡನೆ ನಿಮ್ಮ ಸ್ವರವನ್ನು ಕೂಡಿಸಿರಿ. ಎರಡೂ ಸಮೀಪಿಸಿದಾಗ ವಾಂ ವಾಂ ಎಂಬ ಅಲೆ ಕೇಳುತ್ತದೆ; ಪೂರ್ತಿ ಕೂಡಿದಾಗ ಅಲೆಯು ನಿಲ್ಲುತ್ತದೆ. ಒಂದು ವಾರ ಇಷ್ಟೇ ಮಾಡಿರಿ. ಬೇಸರ ಬಂದರೆ, ಸಂಗೀತಶಾಲೆಯಲ್ಲಿ ಮಕ್ಕಳು ತಿಂಗಳುಗಟ್ಟಲೆ ಸರಳೆ ಹಾಡುವುದನ್ನು ನೆನೆಯಿರಿ.

ನಾಲ್ಕನೆಯದು ಷಡ್ಜದಿಂದ ಪಂಚಮ, ಪಂಚಮದಿಂದ ಮೇಲಿನ ಷಡ್ಜ. ಸ್ವರ ಬದಲಿಸುವ ಕ್ಷಣದಲ್ಲಿ ಎಡಗೈಯನ್ನು ತುಸು ಇಳಿಸಿದರೆ ನಡುವಿನ ಜಾರುವಿಕೆಯು ಮರೆಯಾಗುತ್ತದೆ. ದೊಡ್ಡ ಅಂತರಕ್ಕೆ ತೋಳನ್ನೂ, ಸಣ್ಣ ಅಂತರಕ್ಕೆ ಬೆರಳುಗಳನ್ನು ಬಿಚ್ಚಿ ಮಡಚುವುದನ್ನೂ ಬಳಸಬೇಕು.

ಐದನೆಯದು ಐದೇ ಸ್ವರಗಳ ಮೋಹನ ರಾಗ. ಕೊನೆಗೆ ಗಮಕ. ಜಾರುವುದೂ ಅಲುಗುವುದೂ ಈ ವಾದ್ಯಕ್ಕೆ ಸಹಜವಾದುದರಿಂದ ಹೊಸಬರು ಮೊದಲ ದಿನದಿಂದಲೇ ಕೈಯನ್ನು ನಡುಗಿಸತೊಡಗುತ್ತಾರೆ. ಅದು ತಪ್ಪಿದ ಸ್ವರವನ್ನು ಮುಚ್ಚುವ ಉಪಾಯವಷ್ಟೆ. ಸ್ವರವನ್ನು ಅಲುಗಿಸದೆ ನಿಲ್ಲಿಸಬಲ್ಲವನಿಗೆ ಮಾತ್ರ ಅಲುಗಿಸುವ ಅಧಿಕಾರವುಂಟು.

೬. ಪ್ರಯೋಗಶೀಲ ಸಂಗೀತವೆಂದರೇನು?

ಫಲವು ಇಂತಹುದೇ ಎಂದು ಮುಂದಾಗಿ ತಿಳಿಯದೆ, ತಿಳಿಯುವ ಕುತೂಹಲದಿಂದ ಮಾಡುವ ನಾದದ ಕೆಲಸವನ್ನು ಪ್ರಯೋಗಶೀಲ ಸಂಗೀತವೆನ್ನಬಹುದು. ಅಮೆರಿಕದ ಸಂಗೀತಕಾರ ಜಾನ್ ಕೇಜನು ತನ್ನ ಪ್ರಸಿದ್ಧ ಭಾಷಣವೊಂದರಲ್ಲಿ ಥೆರೆಮಿನ್ ವಾದಕರನ್ನು ಆಕ್ಷೇಪಿಸಿದ್ದಾನೆ: ಹೊಸ ನಾದಗಳನ್ನು ಕೊಡಬಲ್ಲ ಉಪಕರಣವನ್ನು ಹಿಡಿದು, ಅದನ್ನು ಹಳೆಯ ವಾದ್ಯದಂತೆ ಕೇಳಿಸಲು ಇವರು ಶ್ರಮಪಡುತ್ತಾರೆಂಬುದು ಅವನ ದೂರು. ಅವನು ದೂರಿ ಸುಮ್ಮನಾಗಲಿಲ್ಲ. ೧೯೬೫ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ 'ವೇರಿಯೇಷನ್ಸ್ ಐದು' ಎಂಬ ಕೃತಿಯ ಪ್ರದರ್ಶನದಲ್ಲಿ, ಮೂಗನು ಕಟ್ಟಿಕೊಟ್ಟ ಕಂಬಿಗಳ ನಡುವೆ ನರ್ತಕರು ಸುಳಿದಾಡಿದಂತೆ ನಾದಗಳು ಪ್ರಚೋದಿತವಾಗುವ ಏರ್ಪಾಡನ್ನು ಮಾಡಿದನು. ಇದಕ್ಕೂ ಮೊದಲೇ, ೧೯೩೦ರ ದಶಕದಲ್ಲಿ, ಟೆರ್ಮೆನ್ನನೇ ನರ್ತಕಿಯ ಮೈಯ ಚಲನೆಯಿಂದ ಸ್ವರ ಹೊರಡಿಸುವ ವೇದಿಕೆಯನ್ನು ನಿರ್ಮಿಸಿದ್ದನು.

ಕ್ಲಾರಾಳ ಹಾದಿ ಸರಿಯೋ ಕೇಜನದು ಸರಿಯೋ ಎಂದು ನೀವು ಕೇಳಬಹುದು. ಎರಡಕ್ಕೂ ಬಂಡವಾಳ ಒಂದೇ ಎಂಬುದು ನಮ್ಮ ಉತ್ತರ. ಒಬ್ಬಳು ಬೇಕಾದ ಸ್ವರವನ್ನು ಹಿಡಿಯಲು ಕಿವಿಗೊಟ್ಟಳು. ಇನ್ನೊಬ್ಬನು ಬಂದ ಸ್ವರವನ್ನು ಬರಮಾಡಿಕೊಳ್ಳಲು ಕಿವಿಗೊಟ್ಟನು. ಕಿವಿಗೊಡದೆ ಕೈಯಾಡಿಸುವವನಿಗೆ ಎರಡು ಹಾದಿಗಳೂ ಇಲ್ಲ.

ನಿಮ್ಮ ಮೊದಲ ಪ್ರಯೋಗಕ್ಕೆ ವಸ್ತುವು ದೂರದಲ್ಲಿಲ್ಲ. ಲೋಕಲ್ ರೈಲು ನಿಲ್ದಾಣವನ್ನು ಬಿಡುವಾಗ ಅದರ ಧ್ವನಿಯು ಏರುವ ಬಗೆಯನ್ನು, ಮುಂದಿನ ನಿಲ್ದಾಣದಲ್ಲಿ ಇಳಿಯುವ ಬಗೆಯನ್ನು ಕಿವಿಗೊಟ್ಟು ಕೇಳಿರಿ. ಮನೆಗೆ ಬಂದು ರೇಖಾಪತ್ರದ ಮೇಲೆ ಅದನ್ನೊಂದು ಗೆರೆಯಾಗಿ ಎಳೆಯಿರಿ: ಅಡ್ಡಲಾಗಿ ಕಾಲ, ಉದ್ದಕ್ಕೆ ಶ್ರುತಿ. ಆ ಗೆರೆಯೇ ನಿಮ್ಮ ಸ್ವರಲಿಪಿ. ಅದನ್ನು ನೋಡುತ್ತ ನೆರಳಿನಿಂದ ನುಡಿಸಿರಿ. ದಿನವೂ ಕೇಳಿದರೂ ಕೇಳಿಸದೆ ಹೋಗಿದ್ದ ನಗರವು ಆಗ ಮೊದಲ ಸಲ ಕೇಳಿಸುತ್ತದೆ. ಅದಕ್ಕೆ ತಗಲುವ ಖರ್ಚು ಒಂದು ಹಾಳೆ, ಒಂದು ಸೀಸದ ಕಡ್ಡಿ, ಕೆಲವು ನೂರು ರೂಪಾಯಿಗಳ ಪುಟ್ಟ ಪೆಟ್ಟಿಗೆ.

ಕೊಳ್ಳುವುದು ಕೊನೆಗಿರಲಿ; ಕೇಳುವುದು ಮೊದಲಾಗಲಿ.

ಅಭ್ಯಾಸ

೧. ಸ್ಥಿರ ಆಂದೋಲಕವು ೩,೦೦,೦೦೦ ಕಂಪನಗಳದಿದ್ದು, ಇನ್ನೊಂದು ೨,೯೯,೭೮೦ಕ್ಕೆ ಇಳಿದರೆ ಹೊರಡುವ ಸ್ವರದ ಕಂಪನಗಳೆಷ್ಟು? ಅದು ೪೪೦ರ ಸ್ವರಕ್ಕಿಂತ ಎಷ್ಟು ಸ್ಥಾಯಿ ಕೆಳಗಿದೆ?

೨. ತಂಬೂರಿಯ ಸ್ವರವು ೨೪೦, ನಿಮ್ಮ ವಾದ್ಯದ ಸ್ವರವು ೨೪೩ ಕಂಪನಗಳಿದ್ದರೆ ಸೆಕೆಂಡಿಗೆ ಎಷ್ಟು ಅಲೆಗಳು ಕೇಳಿಸುತ್ತವೆ?

೩. ಬೆಳಕಿನ ಥೆರೆಮಿನ್ನಿನಲ್ಲಿ ೦.೧ರ ಬದಲು ೦.೨ ಮೈಕ್ರೋಫ್ಯಾರಡ್ ಧಾರಕವನ್ನು ಹಾಕಿದರೆ ಸ್ವರಗಳೆಲ್ಲವೂ ಏರುತ್ತವೆಯೋ ಇಳಿಯುತ್ತವೆಯೋ? ಎಷ್ಟು?

೪. ನಿಮ್ಮ ಮನೆಯಲ್ಲಿ ಒಂದು ಸಂಜೆ ಹತ್ತು ನಿಮಿಷ ಕೇಳಿಸುವ ಧ್ವನಿಗಳಲ್ಲಿ ಏರುವವು ಯಾವುವು, ಇಳಿಯುವವು ಯಾವುವು, ಒಂದೇ ಸಮನೆ ನಿಲ್ಲುವವು ಯಾವುವು ಎಂಬುದನ್ನು ಪಟ್ಟಿ ಮಾಡಿ ತೋರಿಸಿರಿ.